ಪರದೇಶದ ತೋಟದಲ್ಲಿ ಕಾವಲು: ಕೃಷಿ ರಫ್ತು ಮತ್ತು ಕೀಟರೋಗ ತಪಾಸಣೆ



ಕೃಷಿಗೆ ಸಂಬಂಧಿಸಿದ ಒಂದು ವಿಷಯವನ್ನು ಎಲ್ಲರಿಗೂ ತಿಳಿಯುವಂತೆ ಕನ್ನಡದಲ್ಲಿ ವಿವರಿಸಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. 

ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ವೃತ್ತಿಯನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ಒಂದು ದೇಶದ ಸರ್ಕಾರ ತನ್ನ ಅಧಿಕಾರಿಯನ್ನು ಇನ್ನೊಂದು ದೇಶದ ತೋಟಕ್ಕೆ, ಸರಕನ್ನು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿಗೆ, ಬಂದರಿಗೆ ಕಳಿಸುತ್ತದೆ. ಅಲ್ಲಿಂದ ತನ್ನ ದೇಶಕ್ಕೆ ಹೊರಡಲಿರುವ ಹಣ್ಣು, ತರಕಾರಿ, ಹೂವಿನ ಗೆಡ್ಡೆ, ಗಿಡಗಳಲ್ಲಿ ಅಪಾಯಕಾರಿ ಕೀಟವೋ ರೋಗವೋ ಇದೆಯೇ ಎಂದು ಅವು ಹಡಗೋ ವಿಮಾನವೋ ಹತ್ತುವ ಮೊದಲೇ ನೋಡುವುದು ಆ ಅಧಿಕಾರಿಯ ಕೆಲಸ. ಇದು ನಮಗೆ ದೂರದ ಸಂಗತಿಯಲ್ಲ. ಇಂಥ ತಪಾಸಣೆಗಾಗಿ ಅಮೆರಿಕದ, ಜಪಾನಿನ ಅಧಿಕಾರಿಗಳು ಮಾವಿನ ಕಾಲದಲ್ಲಿ ಭಾರತಕ್ಕೆ ಬಂದಿದ್ದಾರೆ. ಅಮೆರಿಕಕ್ಕೆ ಹೋಗುವ ಮಾವನ್ನು ಸಂಸ್ಕರಿಸಲು ಅನುಮತಿ ಪಡೆದ ಕೇಂದ್ರಗಳಲ್ಲಿ ಒಂದು ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೇ ಇದೆ.

ನನ್ನ ಮಾತನ್ನು ನಾಲ್ಕು ಭಾಗಗಳಲ್ಲಿ ಮಂಡಿಸುತ್ತೇನೆ. ಹೊರಡುವಲ್ಲೇ ತಪಾಸಣೆ ನಡೆಯಬೇಕು ಎಂಬ ಯೋಚನೆ ಬೆಳೆದ ಬಗೆ ಮೊದಲನೆಯದು. ಆ ಕೆಲಸ ನಡೆಯುವ ಕ್ರಮ ಎರಡನೆಯದು. ಭಾರತದ ಮಾವಿನ ಅನುಭವ ಮೂರನೆಯದು. ತಪಾಸಣೆ ಮಾಡುವವರ ಮೇಲೆ ಬೀಳುವ ಒತ್ತಡ ನಾಲ್ಕನೆಯದು. ಕೊನೆಯಲ್ಲಿ, ಕರ್ನಾಟಕದವರಾದ ನಾವು ಮಾಡಬೇಕಾದ್ದನ್ನು ಹೇಳಿ ಮುಗಿಸುತ್ತೇನೆ. ಕೀಟವನ್ನು ಅದು ಹೊರಡುವಲ್ಲೇ ತಡೆದರೆ ಕೊಡುವ ದೇಶದ ರೈತನಿಗೂ ಕೊಳ್ಳುವ ದೇಶದ ರೈತನಿಗೂ ಒಳ್ಳೆಯದು. ಆ ಕೆಲಸವನ್ನು ನಾವೇ ನಂಬಿಕೆಗೆ ಅರ್ಹವಾಗಿ ಮಾಡುವಷ್ಟು ಬೆಳೆಯಬೇಕು. ನಾನು ಹೇಳಲಿರುವುದರ ತಿರುಳು ಇಷ್ಟೇ.

1. ಈ ಯೋಚನೆ ಬೆಳೆದ ಬಗೆ

ಮೊದಲ ಭಾಗಕ್ಕೆ ಬರುತ್ತೇನೆ.

ಗಿಡದ ಜೊತೆ ಹುಳುವೂ ಪ್ರಯಾಣ ಮಾಡುತ್ತದೆ ಎಂಬುದನ್ನು ಜಗತ್ತು ದೊಡ್ಡ ಬೆಲೆ ತೆತ್ತು ಕಲಿತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಉತ್ತರ ಅಮೆರಿಕದಿಂದ ತರಿಸಿದ ದ್ರಾಕ್ಷಿ ಗಿಡಗಳೊಡನೆ ಫಿಲೊಕ್ಸೆರಾ ಎಂಬ, ಬೇರಿನ ರಸ ಹೀರುವ ಅತಿ ಸಣ್ಣ ಕೀಟ 1860ರ ದಶಕದಲ್ಲಿ ಫ್ರಾನ್ಸಿಗೆ ಬಂತು. ಹಾಯಿಹಡಗುಗಳ ಕಾಲದ ದೀರ್ಘ ಪಯಣದಲ್ಲಿ ಬದುಕಿ ಉಳಿಯುವುದು ಅದಕ್ಕೆ ಕಷ್ಟವಿತ್ತು. ಉಗಿಹಡಗು ಬಂದು ಪಯಣದ ದಿನಗಳು ಕಡಿಮೆಯಾದಾಗ ಅದು ಜೀವಂತವಾಗಿ ದಡ ಸೇರಿತು. ಅಮೆರಿಕದ ದ್ರಾಕ್ಷಿ ಜಾತಿಗಳಿಗೆ ಈ ಕೀಟವನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಯುರೋಪಿನ ಬಳ್ಳಿಗೆ ಇರಲಿಲ್ಲ. ಕೆಲವೇ ದಶಕಗಳಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ಬಹುಪಾಲು ಹಾಳಾಯಿತು. ಕೊನೆಗೆ ಅಮೆರಿಕದ ಬೇರುಗಿಡಕ್ಕೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟಿ ತೋಟಗಳನ್ನು ಉಳಿಸಿಕೊಳ್ಳಬೇಕಾಯಿತು. ಈ ಪೆಟ್ಟಿನ ಫಲವಾಗಿಯೇ 1878ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಗಿಡಗಳ ಆರೋಗ್ಯಕ್ಕಾಗಿ ದೇಶಗಳು ಮಾಡಿಕೊಂಡ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಅದು.

ಎರಡನೆಯ ಉದಾಹರಣೆ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನದು. ಆ ನಗರದ ಚೆರ್ರಿ ಹೂವಿನ ಸಾಲುಗಳನ್ನು ನೋಡಲು ಇಂದು ಲಕ್ಷಾಂತರ ಜನ ಸೇರುತ್ತಾರೆ. ಟೋಕಿಯೊ ನಗರ ಮೊದಲು ಉಡುಗೊರೆಯಾಗಿ ಕಳಿಸಿದ ಸುಮಾರು 2,000 ಚೆರ್ರಿ ಗಿಡಗಳು 1910ರ ಜನವರಿಯಲ್ಲಿ ಅಲ್ಲಿಗೆ ಬಂದವು. ಕೃಷಿ ಇಲಾಖೆಯ ತಜ್ಞರು ಪರೀಕ್ಷಿಸಿದಾಗ ಅವುಗಳಲ್ಲಿ ಕೀಟಗಳು, ಬೇರಿನ ಜಂತುಹುಳುಗಳು, ರೋಗಗಳು ಕಂಡವು. ಅಧ್ಯಕ್ಷ ಟಾಫ್ಟ್ ಅವರ ಒಪ್ಪಿಗೆ ಪಡೆದು ಅದೇ ತಿಂಗಳ 28ರಂದು ಅಷ್ಟೂ ಗಿಡಗಳನ್ನು ಸುಟ್ಟರು. ಒಂದು ಮಿತ್ರರಾಷ್ಟ್ರದ ಉಡುಗೊರೆಯನ್ನು ಬೆಂಕಿಗೆ ಹಾಕುವುದು ರಾಜತಾಂತ್ರಿಕವಾಗಿ ಎಷ್ಟು ಇಕ್ಕಟ್ಟಿನ ವಿಷಯ ಎಂದು ನೀವು ಊಹಿಸಬಹುದು.

ಜಪಾನ್ ಮುನಿಸಿಕೊಳ್ಳಲಿಲ್ಲ. ಟೋಕಿಯೊದ ಮೇಯರ್ ಯುಕಿಯೊ ಒಝಾಕಿ ಅವರ ಕಾಲದಲ್ಲೇ ಎರಡನೆಯ ಉಡುಗೊರೆ ಸಿದ್ಧವಾಯಿತು. ಅರಕಾವಾ ನದಿಯ ದಂಡೆಯ ಹೆಸರಾಂತ ಮರಗಳಿಂದ ಕಸಿಕಡ್ಡಿ ತೆಗೆದು, ಕಾಡು ಚೆರ್ರಿಯ ಬೇರುಗಿಡಕ್ಕೆ ಕಟ್ಟಿ, ಎಚ್ಚರದಿಂದ ಹೊಸ ಸಸಿಗಳನ್ನು ಬೆಳೆಸಿದರು. 1912ರ ಮಾರ್ಚಿನಲ್ಲಿ ವಾಷಿಂಗ್ಟನ್ ತಲುಪಿದ 3,020 ಗಿಡಗಳು ತಪಾಸಣೆಯಲ್ಲಿ ತೇರ್ಗಡೆಯಾದವು. ಅದೇ ತಿಂಗಳ 27ರಂದು ನೆಡುವ ಕೆಲಸ ಆರಂಭವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕ ತನ್ನ ಸಸ್ಯ ಕ್ವಾರಂಟೈನ್ ಕಾಯ್ದೆಯನ್ನೂ ಅಂಗೀಕರಿಸಿತು.

ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಮೊದಲ ಸಲ ತಪಾಸಣೆ ನಡೆದದ್ದು ತಲುಪಿದ ಮೇಲೆ. ಆಗ ಉಳಿದ ದಾರಿ ಬೆಂಕಿ ಒಂದೇ. ಎರಡನೆಯ ಸಲ ಎಚ್ಚರ ವಹಿಸಿದ್ದು ಗಿಡ ಬೆಳೆಯುವ ನೆಲದಲ್ಲಿ. ಆಗ ಕೊಟ್ಟವರಿಗೂ ಪಡೆದವರಿಗೂ ಸಂತೋಷ. ತಲುಪಿದ ಮೇಲೆ ಸಿಕ್ಕಿದ ಹುಳು ಸರಕನ್ನು ನಾಶ ಮಾಡಿಸುತ್ತದೆ. ಹೊರಡುವ ಮೊದಲು ಸಿಕ್ಕಿದ ಹುಳು ಸರಕನ್ನು ಸರಿಪಡಿಸುವ ಅವಕಾಶ ಕೊಡುತ್ತದೆ. ಹೊರಡುವಲ್ಲೇ ತಪಾಸಣೆ ಎಂಬ ವ್ಯವಸ್ಥೆಗೆ ಇದೇ ಬುನಾದಿ.

ಮುಂದೆ 1951ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ರೂಪುಗೊಂಡಿತು. ಇಂದು ಭಾರತ ಸೇರಿ 180ಕ್ಕೂ ಹೆಚ್ಚು ಸದಸ್ಯರು ಅದರಲ್ಲಿದ್ದಾರೆ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ ಇನ್ನೊಂದು ನಿಯಮ ಸೇರಿತು: ಯಾವ ದೇಶವೂ ಕೀಟದ ನೆಪ ಹೇಳಿ ಮನಸ್ಸಿಗೆ ಬಂದಂತೆ ಆಮದು ತಡೆಯುವಂತಿಲ್ಲ, ತಡೆಗೆ ವೈಜ್ಞಾನಿಕ ಆಧಾರ ಬೇಕು. ಹಾಗಾಗಿ ತಪಾಸಣಾಧಿಕಾರಿ ಬರೆಯುವ ಒಂದು ಸಾಲಿಗೆ ಇಂದು ವಿಜ್ಞಾನದ ಬೆಂಬಲವೂ ಇರಬೇಕು, ಕಾನೂನಿನ ಬೆಂಬಲವೂ ಇರಬೇಕು.

2. ಕೆಲಸ ನಡೆಯುವ ಕ್ರಮ

ಇನ್ನು ಎರಡನೆಯ ಭಾಗ. ಪರದೇಶಕ್ಕೆ ಹೋದ ತಪಾಸಣಾಧಿಕಾರಿ ಅಲ್ಲಿ ನಿಜವಾಗಿ ಮಾಡುವುದೇನು?

ಕೈಯಲ್ಲಿರುವ ಸಲಕರಣೆಗಳು ಸರಳ: ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ಒಳ್ಳೆಯ ಬೆಳಕು, ಚಾಕು, ಸಣ್ಣ ಕುಂಚ, ಸಿಕ್ಕ ಹುಳುವನ್ನು ಕೆಡದಂತೆ ಇಡಲು ಆಲ್ಕೊಹಾಲ್ ತುಂಬಿದ ಪುಟ್ಟ ಶೀಸೆ. ತಲೆಯಲ್ಲಿರಬೇಕಾದ ಜ್ಞಾನ ಮಾತ್ರ ಸರಳವಲ್ಲ. ಎರಡು ಜಾತಿಯ ಹಣ್ಣುನೊಣಗಳ ಮರಿಹುಳುಗಳು ನೋಡಲು ಒಂದೇ ಥರ. ಅವುಗಳ ಹಿಂಭಾಗದಲ್ಲಿರುವ ಉಸಿರಾಟದ ರಂಧ್ರಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸಬೇಕು. ಅದಕ್ಕೂ ಸಿಗದಿದ್ದರೆ ಡಿಎನ್ಎ ಪರೀಕ್ಷೆಗೆ ಕಳಿಸಬೇಕು. ಒಂದು ಜಾತಿ ಎರಡೂ ದೇಶಗಳಲ್ಲಿ ಈಗಾಗಲೇ ಇರುವ ಸಾಮಾನ್ಯ ನೊಣ. ಇನ್ನೊಂದು ಕೊಳ್ಳುವ ದೇಶದಲ್ಲಿ ಎಂದೂ ಕಾಣದ ಪೀಡೆ. ಈ ವ್ಯತ್ಯಾಸದ ಮೇಲೆ ಇಡೀ ಸರಕಿನ ಗತಿ ನಿರ್ಧಾರವಾಗುತ್ತದೆ.

ಎಲ್ಲ ಹಣ್ಣನ್ನೂ ಕತ್ತರಿಸಿ ನೋಡುವಂತಿಲ್ಲವಲ್ಲ, ಹಾಗಾದರೆ ಎಷ್ಟು ನೋಡಿದರೆ ಸಾಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಏಕೆಂದರೆ ಪಾತ್ರೆಯ ತುಂಬ ಕಾವು ಒಂದೇ ಸಮ ಇರುತ್ತದೆ. ಹುಳುಗಳು ಹಾಗೆ ಸಮನಾಗಿ ಹರಡಿರುವುದಿಲ್ಲ. ಒಂದು ತೋಟದ ಹಣ್ಣಿನಲ್ಲಿರಬಹುದು, ಪಕ್ಕದ ತೋಟದ್ದರಲ್ಲಿ ಇಲ್ಲದಿರಬಹುದು. ಆದ್ದರಿಂದ ಲೆಕ್ಕಶಾಸ್ತ್ರದ ನೆರವು ಬೇಕು. ದೊಡ್ಡ ಸರಕೊಂದರಲ್ಲಿ ನೂರಕ್ಕೆ ಒಂದು ಹಣ್ಣಿಗೆ ಹುಳು ತಗುಲಿದೆ ಎನ್ನೋಣ. ಎಲ್ಲ ಭಾಗಗಳಿಂದ ಯಾದೃಚ್ಛಿಕವಾಗಿ ಸುಮಾರು 300 ಹಣ್ಣು ಆರಿಸಿ ನೋಡಿದರೆ, ಕನಿಷ್ಠ ಒಂದು ಹುಳುಕು ಹಣ್ಣಾದರೂ ಸಿಗುವ ಸಾಧ್ಯತೆ ಶೇಕಡಾ 95. ಸರಕು ಹತ್ತು ಸಾವಿರ ಹಣ್ಣಿನದಾದರೂ ಲಕ್ಷ ಹಣ್ಣಿನದಾದರೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಆದರೆ ಆ 300 ಹಣ್ಣುಗಳನ್ನು ಆರಿಸುವವರು ತಪಾಸಣಾಧಿಕಾರಿಯೇ ಆಗಿರಬೇಕು. ಮಾಲೀಕ ಮುಂದಿಟ್ಟ ಚೆಂದದ ಪೆಟ್ಟಿಗೆಯಿಂದ ತೆಗೆದರೆ ಲೆಕ್ಕಕ್ಕೆ ಅರ್ಥವಿಲ್ಲ.

ಈಗ ಬೇರೆ ಬೇರೆ ನೆಲಗಳಲ್ಲಿ ನಡೆಯುವ ಈ ಕೆಲಸದ ಮೂರು ಮಾದರಿಗಳನ್ನು ನೋಡೋಣ.

ನೆದರ್ಲೆಂಡ್ಸ್ ಟ್ಯುಲಿಪ್, ಡ್ಯಾಫೊಡಿಲ್ ಮುಂತಾದ ಹೂಗೆಡ್ಡೆಗಳಿಗೆ ಹೆಸರಾದ ದೇಶ. ಅಮೆರಿಕದ ಕೃಷಿ ಇಲಾಖೆಯ ಅಧಿಕಾರಿಗಳು ಗೆಡ್ಡೆಗಳು ಸಾಗುವ ಕಾಲದಲ್ಲಿ ಅಲ್ಲಿಗೇ ಹೋಗಿ, ಡಚ್ ತಪಾಸಕರ ಜೊತೆ ನಿಂತು ಗೆಡ್ಡೆಗಳನ್ನು ಪರೀಕ್ಷಿಸುವ ಪದ್ಧತಿ 1950ರ ದಶಕದಿಂದ ನಡೆದುಬಂದಿದೆ. ಗೆಡ್ಡೆಗೆ ಮಣ್ಣು ಅಂಟಿದ್ದರೆ ಅದರ ಜೊತೆ ಜಂತುಹುಳು ಬರಬಹುದು. ಗೆಡ್ಡೆ ಮೆತ್ತಗಾಗಿದ್ದರೆ ಒಳಗೆ ಕೊಳೆರೋಗವಿರಬಹುದು. ಇವೆಲ್ಲ ಅಲ್ಲೇ ತೀರ್ಮಾನವಾದ್ದರಿಂದ ಅಮೆರಿಕದ ಬಂದರಿನಲ್ಲಿ ಸರಕು ಕಾಯುತ್ತ ಕೂರಬೇಕಿಲ್ಲ.

ಎರಡನೆಯದು ದಕ್ಷಿಣ ಅಮೆರಿಕದ ಚಿಲಿ. ಉತ್ತರಾರ್ಧಗೋಳದಲ್ಲಿ ಚಳಿಗಾಲ ಇರುವಾಗ ಚಿಲಿಯಲ್ಲಿ ಬೇಸಿಗೆ. ಆದ್ದರಿಂದ ಅಲ್ಲಿನ ದ್ರಾಕ್ಷಿ, ಪ್ಲಮ್, ಪೀಚ್‌ಗಳಿಗೆ ಅಮೆರಿಕದಲ್ಲಿ ದೊಡ್ಡ ಮಾರುಕಟ್ಟೆ ಇದೆ. ಚಿಲಿಯ ಕೃಷಿ ಇಲಾಖೆ, ಬೆಳೆಗಾರರ ಸಂಘ ಮತ್ತು ಅಮೆರಿಕದ ಇಲಾಖೆ ಮೂರೂ ಸೇರಿ ನಡೆಸುವ ತಪಾಸಣಾ ವ್ಯವಸ್ಥೆ 1980ರ ದಶಕದಿಂದ ಅಲ್ಲಿದೆ. ಚಿಲಿಯ ದ್ರಾಕ್ಷಿಯಲ್ಲಿ ಬರಿಗಣ್ಣಿಗೆ ಸುಲಭವಾಗಿ ಕಾಣದ ಒಂದು ಕೆಂಪು ನುಸಿ ಇರಬಹುದು. ಅದನ್ನು ಹಿಡಿಯಲು ಗೊಂಚಲುಗಳ ಮಾದರಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಆ ನೀರನ್ನು ಸೂಕ್ಷ್ಮ ಜರಡಿಗಳಲ್ಲಿ ಸೋಸಿ, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಚಿಲಿ 1995ರಲ್ಲಿ ಮೆಡಿಟರೇನಿಯನ್ ಹಣ್ಣುನೊಣದಿಂದ ಮುಕ್ತವಾದ ದೇಶ ಎಂದು ಘೋಷಿಸಿಕೊಂಡಿತು. ಆ ಸ್ಥಿತಿಯನ್ನು ಕಾಪಾಡಿಕೊಳ್ಳಲು ತನ್ನ ಗಡಿಯಲ್ಲೂ ವಿಮಾನ ನಿಲ್ದಾಣಗಳಲ್ಲೂ ಬಿಗಿ ತಪಾಸಣೆ ಇಟ್ಟಿದೆ. ತನ್ನ ಸರಕನ್ನು ಪರರು ನೋಡಲಿ ಎಂದು ಬಾಗಿಲು ತೆರೆದ ದೇಶ, ತನ್ನ ಮನೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಕಾಯುತ್ತಿದೆ. ನಾವು ಗಮನಿಸಬೇಕಾದ ಮಾದರಿ ಇದು.

ಮೂರನೆಯದರಲ್ಲಿ ಹಣ್ಣೂ ಇಲ್ಲ, ಗಿಡವೂ ಇಲ್ಲ. ತಪಾಸಣೆ ನಡೆಯುವುದು ಹಡಗಿಗೆ. ಜಪಾನ್, ಕೊರಿಯಾ, ಚೀನಾ ಮತ್ತು ರಷ್ಯಾದ ಪೂರ್ವ ತೀರದ ಬಂದರುಗಳಲ್ಲಿ ಬೇಸಿಗೆಯ ರಾತ್ರಿ ಒಂದು ಬಗೆಯ ಪತಂಗ ದೀಪದ ಬೆಳಕಿಗೆ ಹಾರಿ ಬಂದು ಹಡಗಿನ ಮೈಮೇಲೆ ಮೊಟ್ಟೆಯಿಡುತ್ತದೆ. ಒಂದೊಂದು ಗುಂಪಿನಲ್ಲಿ ನೂರಾರು ಮೊಟ್ಟೆಗಳು. ಮೇಲೆ ಕಂದು ರೋಮದ ಹೊದಿಕೆ. ಕಬ್ಬಿಣದ ಗೋಡೆಯ ಮೇಲೂ ಅವು ಸಮುದ್ರಯಾನವನ್ನು ತಾಳಿಕೊಳ್ಳುತ್ತವೆ. 1991ರಲ್ಲಿ ಈ ಏಷ್ಯಾದ ಪತಂಗ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಪತ್ತೆಯಾದ ಮೇಲೆ, ಹೊರಡುವ ಬಂದರಿನಲ್ಲೇ ಹಡಗನ್ನು ಮೇಲಿಂದ ಕೆಳಗೆ ಪರೀಕ್ಷಿಸಿ, ಮೊಟ್ಟೆಗಳನ್ನು ಕೆರೆದು ತೆಗೆದು ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬಂತು.

ಸಭಿಕರೆ, ಈ ಮೂರರಲ್ಲೂ ಸಾಮಾನ್ಯವಾದ ಒಂದು ಅಂಶವಿದೆ. ಪರದೇಶದಿಂದ ಬಂದ ಅಧಿಕಾರಿ ಒಬ್ಬಂಟಿಯಾಗಿ ಏನೂ ಮಾಡಲಾರರು. ಯಾವ ಕಣಿವೆಯಲ್ಲಿ ಯಾವ ಹುಳು, ಯಾವ ತಿಂಗಳಲ್ಲಿ ಅದರ ಹಾವಳಿ ಎಂಬುದನ್ನು ಬಲ್ಲವರು ಸ್ಥಳೀಯ ತಪಾಸಕರು ಮತ್ತು ಬೆಳೆಗಾರರು. ಅವರ ಸಹಕಾರ ಇದ್ದಲ್ಲಿ ಮಾತ್ರ ಈ ಕೆಲಸ ದಶಕಗಳ ಕಾಲ ಉಳಿದುಬಂದಿದೆ.

3. ಭಾರತದ ಮಾವಿನ ಅನುಭವ

ಈಗ ನಮ್ಮ ಮನೆಯ ವಿಷಯಕ್ಕೆ, ಮೂರನೆಯ ಭಾಗಕ್ಕೆ ಬರೋಣ.

ಮಾವಿನ ರಫ್ತಿಗೆ ಮುಖ್ಯವಾಗಿ ಅಡ್ಡ ಬಂದದ್ದು ಎರಡು ಕೀಟಗಳು. ಒಂದು ಹಣ್ಣುನೊಣ. ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಅದರಡಿ ಮೊಟ್ಟೆಯಿಡುತ್ತದೆ. ಮರಿಹುಳು ತಿರುಳು ತಿಂದು ಹಣ್ಣನ್ನು ಕೊಳೆಯಿಸುತ್ತದೆ. ಇನ್ನೊಂದು ಓಟೆ ಹುಳು. ಎಳೆ ಕಾಯಿಯ ಮೇಲಿಟ್ಟ ಮೊಟ್ಟೆಯಿಂದ ಬಂದ ಮರಿ ತಿರುಳನ್ನು ದಾಟಿ ಓಟೆಯೊಳಗೆ ಸೇರಿಕೊಳ್ಳುತ್ತದೆ. ಅದು ಒಳಹೋದ ದಾರಿ ಹಣ್ಣು ಬೆಳೆದಂತೆ ಮುಚ್ಚಿಹೋಗುತ್ತದೆ. ಹೊರಗಿನಿಂದ ಎಷ್ಟು ನೋಡಿದರೂ ಸುಳಿವು ಸಿಗದು. ತಿನ್ನುವವರಿಗೆ ಅದರಿಂದ ಹೆಚ್ಚಿನ ತೊಂದರೆ ಇಲ್ಲ. ನಾವು ಓಟೆ ಒಡೆದು ನೋಡುವುದಿಲ್ಲವಾದ್ದರಿಂದ ಅದು ಇದೆಯೆಂದೇ ಎಷ್ಟೋ ಸಲ ತಿಳಿಯದು. ಆದರೆ ಆ ಹುಳು ಇಲ್ಲದ ದೇಶಕ್ಕೆ, ತಿಂದು ಎಸೆದ ಒಂದು ಓಟೆಯೂ ಅದರ ಪ್ರವೇಶದ್ವಾರವಾಗಬಹುದು.

ಅಮೆರಿಕದ ಮಾರುಕಟ್ಟೆ ಭಾರತದ ಮಾವಿಗೆ ಬಹಳ ವರ್ಷ ಮುಚ್ಚಿತ್ತು. 2006ರಲ್ಲಿ ಎರಡು ಸರ್ಕಾರಗಳ ನಡುವೆ ಮಾತುಕತೆ ಕುದುರಿ, 2007ರ ಏಪ್ರಿಲ್‌ನಲ್ಲಿ ಮೊದಲ ಪೆಟ್ಟಿಗೆಗಳು ಅಲ್ಲಿಗೆ ಹೋದವು. ಬಾಗಿಲು ತೆರೆಸಿದ್ದು ವಿಕಿರಣ ಸಂಸ್ಕರಣೆ. ಕೋಬಾಲ್ಟ್-60ರಿಂದ ಹೊಮ್ಮುವ ಗಾಮಾ ಕಿರಣಗಳಿಗೆ ಹಣ್ಣಿನ ಪೆಟ್ಟಿಗೆಗಳನ್ನು ಒಡ್ಡುತ್ತಾರೆ. ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ; ಇಲ್ಲಿ ಕನಿಷ್ಠ ಪ್ರಮಾಣ 400 ಗ್ರೇ. ತಾಜಾ ಹಣ್ಣಿಗೆ ಅಮೆರಿಕದ ಕಾನೂನು ಒಪ್ಪುವ ಗರಿಷ್ಠ ಮಿತಿ 1,000 ಗ್ರೇ. ಇದರಿಂದ ಹಣ್ಣು ವಿಕಿರಣಶೀಲವಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ನಾಶಿಕ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆಯೊಡೆಯದಂತೆ ಕಾಪಾಡಲು ಕಟ್ಟಿದ ಕೇಂದ್ರವೇ ಮೊದಲು ಈ ಕೆಲಸಕ್ಕೆ ಒದಗಿತು. ಮುಂದೆ ನವಿ ಮುಂಬಯಿಯ ವಾಶಿ, ನಮ್ಮ ಮಾಲೂರು ಈ ಪಟ್ಟಿಗೆ ಸೇರಿದವು. ಶ್ರೀನಿವಾಸಪುರದ ಮಾವಿನ ಸೀಮೆ ಮಾಲೂರು ಇರುವ ಜಿಲ್ಲೆಯಲ್ಲೇ ಇದೆ ಎಂಬುದು ಇಲ್ಲಿರುವ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಪರದೇಶದ ಅಧಿಕಾರಿ ಇಲ್ಲಿಗೇ ಬರಬೇಕಾದ ಕಾರಣ ಈ ವಿಧಾನದಲ್ಲೇ ಅಡಗಿದೆ. 400 ಗ್ರೇ ಪ್ರಮಾಣ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಹುಳು ಮುಂದೆ ಬೆಳೆಯದಂತೆ, ಸಂತಾನ ಪಡೆಯದಂತೆ ಮಾಡುತ್ತದೆ. ಸರಕು ಅಮೆರಿಕ ತಲುಪಿದಾಗ ಓಟೆಯೊಳಗೆ ಹುಳು ಜೀವಂತವಾಗಿ ಮಿಸುಕಾಡುತ್ತಿದ್ದರೂ ಆಶ್ಚರ್ಯವಿಲ್ಲ. ಆ ಹುಳುವನ್ನು ನೋಡಿ, ಅದು ಸಂಸ್ಕರಣೆಯಾದ ಹುಳುವೋ ಆಗದ ಹುಳುವೋ ಎಂದು ಅಲ್ಲಿನ ಬಂದರಿನ ಅಧಿಕಾರಿ ಹೇಳಲಾರರು. ಹುಳು ಸತ್ತಿದೆ ಎಂಬ ಸಾಕ್ಷಿ ಸಿಗದ ಕಡೆ, ಸಂಸ್ಕರಣೆ ಸರಿಯಾಗಿ ನಡೆಯಿತು ಎಂಬ ಸಾಕ್ಷಿ ಬೇಕು. ಪೆಟ್ಟಿಗೆಗಳ ನಡುವೆ ಇಟ್ಟ ಪ್ರಮಾಣಮಾಪಕ ತೋರಿಸಿದ ಅಂಕಿ, ಸಂಸ್ಕರಿಸಿದ ಹಣ್ಣು ಸಂಸ್ಕರಿಸದ ಹಣ್ಣಿನೊಡನೆ ಬೆರೆಯಲಿಲ್ಲ ಎಂಬ ದೃಢೀಕರಣ, ಅಧಿಕಾರಿಯ ಸಹಿ, ಇವೇ ಆ ಸಾಕ್ಷಿ. ಆದ್ದರಿಂದಲೇ ಅಮೆರಿಕದ ತಪಾಸಕರು ಋತುವಿನುದ್ದಕ್ಕೂ ಇಲ್ಲಿ ನಿಂತು ನೋಡುವ ಏರ್ಪಾಡು ಬಂತು.

ಜಪಾನಿನದು ಬೇರೆ ದಾರಿ. ಹಣ್ಣುನೊಣದ ಭಯದಿಂದ ಎರಡು ದಶಕ ತಡೆದಿದ್ದ ಭಾರತದ ಮಾವಿಗೆ ಅದು 2006ರಲ್ಲಿ ಅನುಮತಿ ಕೊಟ್ಟಿತು. ಅಲ್ಲಿಗೆ ಹೋಗುವ ಹಣ್ಣಿಗೆ ಬಿಸಿ ಆವಿಯ ಸಂಸ್ಕರಣೆ ಆಗಬೇಕು. ತಿರುಳಿನ ಶಾಖ 47.5 ಡಿಗ್ರಿ ಸೆಲ್ಸಿಯಸ್ ತಲುಪಿ 20 ನಿಮಿಷ ಅಲ್ಲೇ ನಿಲ್ಲಬೇಕು. ಸ್ವಲ್ಪ ಕಡಿಮೆಯಾದರೆ ಮೊಟ್ಟೆ ಉಳಿಯುತ್ತದೆ. ಹೆಚ್ಚಾದರೆ ಹಣ್ಣು ಬೆಂದು ಕೆಡುತ್ತದೆ. ಇದನ್ನು ನೋಡಲು ಜಪಾನಿನ ಅಧಿಕಾರಿಗಳು ಇಲ್ಲಿಗೆ ಬರುತ್ತಿದ್ದರು.

ಯುರೋಪಿನ ಅನುಭವ ಕಹಿಯಾದುದು. 2013ರಲ್ಲಿ ಭಾರತದಿಂದ ಹೋದ ಹಣ್ಣು ತರಕಾರಿಗಳ 207 ಸರಕುಗಳಲ್ಲಿ ಕೀಟಗಳು ಪತ್ತೆಯಾದವು. ಪರಿಣಾಮವಾಗಿ ಐರೋಪ್ಯ ಒಕ್ಕೂಟ 2014ರ ಮೇ 1ರಿಂದ ಮಾವು, ಬದನೆ, ಹಾಗಲ, ಪಡವಲ, ಕೆಸುವಿನ ಆಮದನ್ನು ನಿಲ್ಲಿಸಿತು. ಮಾವಿನ ಕಾಲ ತುಂಬಿ ಬರುವ ಹೊತ್ತು ಅದು. ತೋಟವನ್ನು ಶುಚಿಯಾಗಿಟ್ಟು ಬೆಳೆದ ರೈತನೂ ಬೇಜವಾಬ್ದಾರಿಯಿಂದ ಬೆಳೆದವನೂ ಒಂದೇ ಏಟಿಗೆ ನಷ್ಟಕ್ಕೆ ಗುರಿಯಾದರು. ಆ ಮೇಲೆ ನಮ್ಮ ಅಧಿಕಾರಿಗಳು ಪ್ಯಾಕ್‌ಹೌಸ್‌ಗಳಲ್ಲೇ ತಪಾಸಣೆಯನ್ನು ಬಿಗಿಗೊಳಿಸಿದರು. ಹಣ್ಣನ್ನು 48 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುವಂಥ ಕ್ರಮಗಳು ಬಂದವು. 2015ರ ಆರಂಭದಲ್ಲಿ ಮಾವಿನ ಮೇಲಿನ ತಡೆ ತೆರವಾಯಿತು. ಇಲ್ಲೇ ಹಿಡಿಯಬಹುದಾಗಿದ್ದ ಹುಳುಗಳನ್ನು ಅಲ್ಲಿಯವರೆಗೆ ಹೋಗಲು ಬಿಟ್ಟದ್ದರ ಬೆಲೆ ಅದು.

ಇನ್ನೆರಡು ಘಟನೆ ಹೇಳಿ ಈ ಭಾಗ ಮುಗಿಸುತ್ತೇನೆ. ಕೋವಿಡ್ ಕಾಲದಲ್ಲಿ ಅಮೆರಿಕದ ತಪಾಸಕರು ಪ್ರಯಾಣ ಮಾಡುವಂತಿರಲಿಲ್ಲ. ಅವರು ಬಾರದೆ ಅಲ್ಲಿಗೆ ಮಾವಿನ ರಫ್ತೇ ನಿಂತಿತು. ಮೇಲ್ವಿಚಾರಣೆಯ ಹೊಣೆಯನ್ನು ಹಂತಹಂತವಾಗಿ ಭಾರತಕ್ಕೆ ವಹಿಸುವ ಒಪ್ಪಂದವಾದ ಮೇಲೆ 2022ರಲ್ಲಿ ಮತ್ತೆ ಆರಂಭವಾಯಿತು. 2025ರ ಮೇ ತಿಂಗಳಲ್ಲಿ ಭಾರತದಿಂದ ವಿಮಾನದಲ್ಲಿ ಹೋದ ಮಾವಿನ ಸುಮಾರು 15 ಸರಕುಗಳನ್ನು ಅಮೆರಿಕದ ನಿಲ್ದಾಣಗಳಲ್ಲಿ ತಿರಸ್ಕರಿಸಿದರು. ಕಾರಣ ಹುಳುವಲ್ಲ, ವಿಕಿರಣ ಸಂಸ್ಕರಣೆಯ ದಾಖಲೆಗಳಲ್ಲಿ ಕಂಡ ದೋಷ. ಅಷ್ಟು ಹಣ್ಣನ್ನೂ ಅಲ್ಲೇ ನಾಶಪಡಿಸಬೇಕಾಯಿತು. ತಪಾಸಣೆಯಲ್ಲಿ ಕಾಗದಪತ್ರ ಗುಮಾಸ್ತಿಕೆಯ ಕೆಲಸವಲ್ಲ. ಅದು ಮಸೂರದಷ್ಟೇ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

4. ತಪಾಸಕರ ಮೇಲಿನ ಒತ್ತಡ

ನಾಲ್ಕನೆಯ ಮತ್ತು ಕೊನೆಯ ಭಾಗಕ್ಕೆ ಬಂದಿದ್ದೇನೆ. ತಪಾಸಣಾಧಿಕಾರಿ ಒಂದು ಸರಕನ್ನು ತಿರಸ್ಕರಿಸಿದಾಗ ಯಾರದೋ ಹಣ ಮುಳುಗುತ್ತದೆ. ಆದ್ದರಿಂದ ಈ ವೃತ್ತಿಯಲ್ಲಿ ಒತ್ತಡ ತಪ್ಪಿದ್ದಲ್ಲ. ಅದು ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಮೆಕ್ಸಿಕೊ ತೋರಿಸಿದೆ.

ನಾವು ಬೆಣ್ಣೆಹಣ್ಣು ಎನ್ನುವ ಅವಕಾಡೊದ ತವರು ಮೆಕ್ಸಿಕೊ. ಅದರ ಬೀಜ ಕೊರೆಯುವ ಹುಳುಗಳ ಭಯದಿಂದ ಅಮೆರಿಕ 1914ರಲ್ಲಿ ಅಲ್ಲಿನ ಹಣ್ಣನ್ನು ನಿಷೇಧಿಸಿತು. 1997ರಲ್ಲಿ ಮಿಚೊಆಕಾನ್ ರಾಜ್ಯದ ಹಣ್ಣಿಗೆ ಮೊದಲು ಅನುಮತಿ ಸಿಕ್ಕಿತು. ಷರತ್ತು ಇಷ್ಟು: ಅಮೆರಿಕದ ತಪಾಸಕರು ಅಲ್ಲೇ ಇದ್ದು ತೋಟಗಳನ್ನೂ ಪ್ಯಾಕ್‌ಹೌಸ್‌ಗಳನ್ನೂ ನೋಡುತ್ತಾರೆ, ಹಣ್ಣು ಕತ್ತರಿಸಿ ಬೀಜ ಪರೀಕ್ಷಿಸುತ್ತಾರೆ. ವ್ಯಾಪಾರ ಬೆಳೆದು ಕೋಟ್ಯಂತರ ಡಾಲರುಗಳ ವಹಿವಾಟಾಯಿತು. ಜೊತೆಗೆ ಆ ಪ್ರದೇಶದ ಅಪರಾಧಿ ಗುಂಪುಗಳ ಕಣ್ಣೂ ಅದರ ಮೇಲೆ ಬಿತ್ತು. 2022ರ ಫೆಬ್ರವರಿಯಲ್ಲಿ ಒಬ್ಬ ತಪಾಸಕರ ಫೋನಿಗೆ ಬೆದರಿಕೆ ಬಂದಾಗ ಅಮೆರಿಕ ಆಮದನ್ನೇ ಕೆಲವು ದಿನ ನಿಲ್ಲಿಸಿತು. 2024ರ ಜೂನ್‌ನಲ್ಲಿ ಇಬ್ಬರು ತಪಾಸಕರನ್ನು ದಾರಿಯಲ್ಲಿ ತಡೆದು, ಹಲ್ಲೆ ಮಾಡಿ, ಹಿಡಿದಿಟ್ಟುಕೊಂಡರು. ಮತ್ತೆ ತಪಾಸಣೆ ನಿಂತಿತು. ಸಾವಿರಾರು ಬೆಳೆಗಾರರ ಹಣ್ಣು ಮರದಲ್ಲೇ ಉಳಿಯುವ ಸ್ಥಿತಿ ಬಂತು. ಅದೇ ವರ್ಷ ಮೆಕ್ಸಿಕೊದ ಸರ್ಕಾರಿ ತಪಾಸಕರೇ ತೋಟಗಳ ಪರೀಕ್ಷೆ ನಡೆಸುವ ಏರ್ಪಾಡಿಗೆ ಎರಡೂ ದೇಶಗಳು ಒಪ್ಪಿದವು. ಹೊಣೆ ಸ್ಥಳೀಯರ ಹೆಗಲಿಗೆ ಬಂತು. ಆದರೆ ಅಪಾಯ ಅದರೊಂದಿಗೆ ಮಾಯವಾಗಲಿಲ್ಲ. ಊರು ಬಿಟ್ಟು ಹೋಗಲಾಗದ ಸ್ಥಳೀಯ ತಪಾಸಕರಿಗೆ ರಕ್ಷಣೆ ಇನ್ನೂ ಹೆಚ್ಚು ಬೇಕು.

ಬೆದರಿಕೆ ಒಂದು ಬಗೆಯ ಒತ್ತಡ. ಶಿಫಾರಸು, ಆಮಿಷ, "ಇದೊಂದು ಸಲ ಬಿಟ್ಟುಬಿಡಿ" ಎಂಬ ಸ್ನೇಹದ ಮಾತು, ಇವು ಇನ್ನೊಂದು ಬಗೆ. ತಪಾಸಕರು ಬೆಳೆಗಾರನ ಶತ್ರುವಲ್ಲ. ಒಂದು ಹುಳುಕು ಸರಕನ್ನು ತಡೆದವರು ಮುಂದಿನ ವರ್ಷದ ಇಡೀ ಮಾರುಕಟ್ಟೆಯನ್ನು ಉಳಿಸಿಕೊಟ್ಟಿರುತ್ತಾರೆ. ಹಾಗೆ ತಡೆಯದಿದ್ದರೆ ಏನಾಗುತ್ತದೆ ಎಂಬುದನ್ನು ಯುರೋಪಿನ ತಡೆಯ ಕಾಲದಲ್ಲಿ ನಾವು ಕಂಡಿದ್ದೇವೆ. ಈ ತಿಳಿವಳಿಕೆ ವ್ಯಾಪಾರಿಗಳಲ್ಲಿ, ಜನಪ್ರತಿನಿಧಿಗಳಲ್ಲಿ ಬೇರೂರಿದಾಗ ಮಾತ್ರ ತಪಾಸಕರು ನಿರ್ಭಯವಾಗಿ ಬೇಡ ಎನ್ನಬಲ್ಲರು. ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದ ಕಡೆ ಸಹಿಗೆ ಬೆಲೆಯಿಲ್ಲ.

ನಾವು ಮಾಡಬೇಕಾದ್ದು

ಇಲ್ಲಿಗೆ ನಾಲ್ಕು ಭಾಗಗಳು ಮುಗಿದವು. ಉಪಸಂಹಾರದಲ್ಲಿ ಒಂದು ಪ್ರಶ್ನೆಗೆ ಉತ್ತರಿಸುತ್ತೇನೆ. ಈ ತಪಾಸಣೆ ಶ್ರೀಮಂತ ದೇಶಗಳು ನಮ್ಮ ಮೇಲೆ ಹೇರುವ ಕಟ್ಟಳೆ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ನಮ್ಮ ಹೊಲಗಳನ್ನೇ ನೋಡಿ.

2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆ ಮಧ್ಯ ಅಮೆರಿಕ ಮೂಲದ್ದು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸುಗಳನ್ನು ಅದು ಹಾಳುಗೆಡವಿತು. 2010ರಲ್ಲಿ ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ಪೋರ್ಟೊ ರಿಕೊದಿಂದ ಪುಟ್ಟ ಪರತಂತ್ರ ಕಣಜಗಳನ್ನು ತರಿಸಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯಲ್ಲಿ ಪರೀಕ್ಷಿಸಿ, ಬೆಳೆಸಿ ಬಿಡುಗಡೆ ಮಾಡಿದ ಮೇಲೆ ಅದು ಹತೋಟಿಗೆ ಬಂತು. ಹೊರಗಿನಿಂದ ಬಂದ ಶತ್ರುವನ್ನು ಹೊರಗಿನಿಂದಲೇ ತಂದ ಮಿತ್ರ ಸೋಲಿಸಿದ ಕತೆ ಅದು. ಎಲ್ಲ ಸಲವೂ ಅಂಥ ಮಿತ್ರ ಸಿಗುವುದಿಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ನಮ್ಮ ರೈತರು ಇಂದಿಗೂ ಅದಕ್ಕೆ ಔಷಧಿ ಹೊಡೆಯುತ್ತಲೇ ಇದ್ದಾರೆ. ನಮ್ಮ ಕಡೆಯಿಂದಲೂ ಕೇಡು ಹೋಗಿದೆ. ಏಷ್ಯಾದ ಹಣ್ಣುನೊಣ 2003ರಲ್ಲಿ ಕೀನ್ಯಾದಲ್ಲಿ ಕಂಡುಬಂದು, ಆಫ್ರಿಕಾದ ಬಹುಭಾಗಕ್ಕೆ ಹರಡಿ, ಅಲ್ಲಿನ ಬಡ ಮಾವು ಬೆಳೆಗಾರರ ಜೀವನಕ್ಕೆ ಪೆಟ್ಟು ಕೊಟ್ಟಿತು. ಕೀಟಕ್ಕೆ ಬಡ ದೇಶ, ಶ್ರೀಮಂತ ದೇಶ ಎಂಬ ಭೇದವಿಲ್ಲ. ಕಟ್ಟಳೆ ಎಲ್ಲರ ರಕ್ಷಣೆಗೂ ಬೇಕು.

ಆದ್ದರಿಂದ ಮೂರು ಬಿನ್ನಹಗಳು. ಮೊದಲನೆಯದು ಸರ್ಕಾರಕ್ಕೆ ಮತ್ತು ಕೃಷಿ ವಿಶ್ವವಿದ್ಯಾಲಯಗಳಿಗೆ: ಹುಳು ಗುರುತಿಸಬಲ್ಲ ಪರಿಣತರನ್ನು ತಯಾರು ಮಾಡಿ, ಕ್ವಾರಂಟೈನ್ ಕೇಂದ್ರಗಳಲ್ಲಿ ಅವರ ಹುದ್ದೆಗಳನ್ನು ಖಾಲಿ ಬಿಡಬೇಡಿ, ಅವರ ತೀರ್ಮಾನದಲ್ಲಿ ಕೈಹಾಕಬೇಡಿ. ನಮ್ಮ ತಪಾಸಕರ ಸಹಿಯನ್ನು ಜಗತ್ತು ಪ್ರಶ್ನೆಯಿಲ್ಲದೆ ಒಪ್ಪುವ ದಿನ, ಪರದೇಶದ ಅಧಿಕಾರಿ ಬರಲಿಲ್ಲವೆಂದು ನಮ್ಮ ಮಾವು ಕೊಳೆಯಬೇಕಾಗುವುದಿಲ್ಲ.

ಎರಡನೆಯದು ಬೆಳೆಗಾರರಿಗೆ ಮತ್ತು ರಫ್ತುದಾರರಿಗೆ: ಬಿದ್ದ ಹಣ್ಣನ್ನು ಆಯ್ದು ಹೂಳುವುದು, ನೊಣದ ಬಲೆಗಳನ್ನು ತೂಗುಹಾಕುವುದು, ತೋಟದ ದಾಖಲೆ ಬರೆದಿಡುವುದು, ಇವು ತಪಾಸಣೆಯ ಮೊದಲ ಹೆಜ್ಜೆಗಳು. ಪ್ಯಾಕ್‌ಹೌಸಿನಲ್ಲಿ ಕಾಣುವುದು ತೋಟದಲ್ಲಿ ಮಾಡಿದ್ದರ ಫಲ.

ಮೂರನೆಯದು ವಿದೇಶ ಪ್ರಯಾಣ ಮಾಡುವ ಕನ್ನಡಿಗರಿಗೆ. ಅಮೆರಿಕದಲ್ಲಿರುವ ಮಕ್ಕಳಿಗೆಂದು ಹಸಿ ಕರಿಬೇವಿನ ಸೊಪ್ಪನ್ನು ಚೀಲದಲ್ಲಿಟ್ಟು ಒಯ್ಯುವವರಿದ್ದಾರೆ. ಕಿತ್ತಳೆ ಜಾತಿಯ ಗಿಡಗಳ ಹಸಿರು ರೋಗವನ್ನು ಹರಡುವ ಜಿಗಿಹೇನು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾದ ಆ ರೋಗ ಅಲ್ಲಿನ ಕಿತ್ತಳೆ ಇಳುವರಿಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ನುಂಗಿದೆ. ನಮ್ಮ ಕೊಡಗಿನ ಕಿತ್ತಳೆಯ ಇಳಿಮುಖಕ್ಕೂ ಅದೇ ರೋಗ ಒಂದು ಕಾರಣ. ಹಸಿ ಸೊಪ್ಪು, ಹಣ್ಣು, ಬೀಜ, ಮಣ್ಣು ಅಂಟಿದ ಗಿಡಗಳನ್ನು ದಯವಿಟ್ಟು ಅಲ್ಲಿಗೆ ಒಯ್ಯಬೇಡಿ, ಅಲ್ಲಿಂದ ಇಲ್ಲಿಗೂ ತರಬೇಡಿ. ವಿಮಾನ ನಿಲ್ದಾಣದ ಅಧಿಕಾರಿ ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿ. ಇಷ್ಟು ಮಾಡಿದರೆ ಎರಡು ದೇಶಗಳ ರೈತರಿಗೆ ನೀವು ಉಪಕಾರ ಮಾಡಿದಂತಾಗುತ್ತದೆ.